ಲಿವೊರ್ನೊ ಮುಕ್ತ ಬಂದರು: ಸುಂಕ, ಅಭಯ ಮತ್ತು ಹವಳದ ವ್ಯಾಪಾರ

‘ಮುಕ್ತ ಬಂದರು’ ಎಂಬುದು ಇಂದು ಬಹುಮಟ್ಟಿಗೆ ಸುಂಕದ ಆಡಳಿತಕ್ಕೆ ಸೇರಿದ ಪಾರಿಭಾಷಿಕ ಪದವಾಗಿದೆ. ಹೊರನಾಡಿನ ಸರಕು ಸುಂಕ ತೆರದೆ ಬಂದಿಳಿದು, ದಾಸ್ತಾನಿನಲ್ಲಿದ್ದು, ಮತ್ತೆ ಹೊರನಾಡಿಗೆ ಸಾಗಲು ಅವಕಾಶವುಳ್ಳ ಸ್ಥಳ ಎಂಬುದು ಅದರ ರೂಢಿಯ ಅರ್ಥ. ಈ ಅರ್ಥವನ್ನೇ ಹಿಡಿದು ಹದಿನಾರು ಹದಿನೇಳನೆಯ ಶತಮಾನಗಳ ದಾಖಲೆಗಳನ್ನು ಓದತೊಡಗಿದರೆ ದಾರಿ ತಪ್ಪುವುದು ಖಚಿತ. ಆ ಕಾಲದ ಶಾಸನಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಸರಕಿನ ಬಿಡುಗಡೆಯಲ್ಲ, ಸರಕು ತರುವ ಮನುಷ್ಯನ ಬಿಡುಗಡೆ. ಅವನು ಯಾವ ದೇಶದವನು, ಯಾವ ಮತದವನು, ಹಿಂದೆ ಏನಾಗಿದ್ದನು ಎಂಬುದನ್ನು ಕೇಳದಿರುವ ಭರವಸೆಯೇ ಅಲ್ಲಿ ಮುಖ್ಯ. ಸುಂಕದ ಪ್ರಶ್ನೆ ಸ್ಪಷ್ಟ ರೂಪ ಪಡೆದದ್ದು ಸುಮಾರು ಎಂಬತ್ತು ವರ್ಷಗಳ ತರುವಾಯ. ಈ ಎರಡು ಘಟ್ಟಗಳನ್ನೂ ಒಂದೇ ಊರಿನಲ್ಲಿ ಗುರುತಿಸಲು ಸಾಧ್ಯವಿರುವುದು ಇಟಲಿಯ ಟಸ್ಕನಿ ಕರಾವಳಿಯ ಲಿವೊರ್ನೊದಲ್ಲಿ. ಆಂಗ್ಲ ನಾವಿಕರು ಲೆಗ್‌ಹಾರ್ನ್ ಎಂದು ಕರೆಯುತ್ತಿದ್ದ ಬಂದರು ಇದೇ.

ಪರದೇಶದ ವರ್ತಕನಿಗೆ ಅಭಯ ನೀಡುವ ಕಲ್ಪನೆ ಯುರೋಪಿನ ಸೃಷ್ಟಿಯೇನಲ್ಲ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರನ್ನೂ ಅವುಗಳಿಂದ ದೊರೆತ ವಿನಾಯಿತಿಗಳನ್ನೂ ಕನ್ನಡ ಶಾಸನಗಳ ಅಭ್ಯಾಸಿಗಳು ಚೆನ್ನಾಗಿ ಬಲ್ಲರು. ಆಂಧ್ರ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನು ಕ್ರಿ.ಶ. 1244-45ರಲ್ಲಿ ಹಾಕಿಸಿದ ಅಭಯಶಾಸನ ಇನ್ನೂ ನೇರವಾದುದು. ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗುಗಳ ಸರಕನ್ನೆಲ್ಲ ಹಿಂದಿನ ಅರಸರು ಬಲಾತ್ಕಾರದಿಂದ ಕಸಿದುಕೊಳ್ಳುತ್ತಿದ್ದರೆಂದೂ, ತಾನು ಗೊತ್ತುಪಡಿಸಿದ ಶುಲ್ಕವನ್ನಲ್ಲದೆ ಬೇರೇನನ್ನೂ ತೆಗೆದುಕೊಳ್ಳುವುದಿಲ್ಲವೆಂದೂ ಅದು ಘೋಷಿಸುತ್ತದೆ. ಇಲ್ಲಿ ರಕ್ಷಣೆ ದೊರೆತಿರುವುದು ವರ್ತಕನ ಧನಕ್ಕೆ. ಅವನ ಮತದ ಪ್ರಸ್ತಾಪ ಏಳುವುದೇ ಇಲ್ಲ, ಏಕೆಂದರೆ ಅದನ್ನು ವಿಚಾರಿಸುವ ನ್ಯಾಯಸ್ಥಾನವೇ ಅಲ್ಲಿರಲಿಲ್ಲ. ಲಿವೊರ್ನೊದ ಸನ್ನಿವೇಶ ಭಿನ್ನವಾಗಿತ್ತು. ಸ್ಪೇನ್ 1492ರಲ್ಲಿ ಯೆಹೂದ್ಯರನ್ನು ಹೊರಹಾಕಿತ್ತು. ಪೋರ್ಚುಗಲ್ 1497ರಲ್ಲಿ ಅವರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿತ್ತು. ಹೀಗೆ ಮತಾಂತರಗೊಂಡವರ ಮಕ್ಕಳು ಮೊಮ್ಮಕ್ಕಳ ಮನೆಯೊಳಗಿನ ನಡೆವಳಿಯನ್ನು ಶೋಧಿಸಿ ಶಿಕ್ಷಿಸಲು ‘ಇನ್‌ಕ್ವಿಸಿಷನ್’ ಎಂಬ ಧರ್ಮವಿಚಾರಣಾ ನ್ಯಾಯಸ್ಥಾನಗಳು ಕಾರ್ಯನಿರತವಾಗಿದ್ದವು. ಆಗಿನ ಮೆಡಿಟರೇನಿಯನ್ ವ್ಯಾಪಾರದಲ್ಲಿ ನುರಿತ ಒಂದು ಸಮುದಾಯವೇ ನೆಲೆಯಿಲ್ಲದೆ ಅಲೆಯುತ್ತಿದ್ದ ಕಾಲವದು.

ಲಿವೊರ್ನೊ ಮೂಲತಃ ಜವುಗು ನೆಲದ ನಡುವಣ ಒಂದು ಸಣ್ಣ ಕೋಟೆಯೂರು. ಪೀಸಾದ ಹಳೆಯ ಬಂದರು ಹೂಳು ತುಂಬಿ ನಿರುಪಯುಕ್ತವಾಗುತ್ತಿದ್ದುದರಿಂದ ಫ್ಲಾರೆನ್ಸ್ ಗಣರಾಜ್ಯ 1421ರಲ್ಲಿ ಒಂದು ಲಕ್ಷ ಫ್ಲೋರಿನ್ ತೆತ್ತು ಇದನ್ನು ಜಿನೋವಾದಿಂದ ಕೊಂಡುಕೊಂಡಿತು. ಹಣ ದೊಡ್ಡದು, ಊರು ಚಿಕ್ಕದು. ಒಂದೂವರೆ ಶತಮಾನದವರೆಗೆ ಆ ಕ್ರಯಕ್ಕೆ ತಕ್ಕ ಫಲ ದೊರೆಯಲಿಲ್ಲ. ವಾಸ್ತುಶಿಲ್ಪಿ ಬರ್ನಾರ್ಡೊ ಬುವೊಂಟಾಲೆಂಟಿ ರೂಪಿಸಿದ ಪಂಚಕೋನಾಕೃತಿಯ ಹೊಸ ನಗರಕ್ಕೆ 1577ರ ಮಾರ್ಚ್ 28ರಂದು ಅಡಿಗಲ್ಲು ಬಿತ್ತು. 1587ರಲ್ಲಿ ಕಾರ್ಡಿನಲ್ ಪದವಿ ಬಿಟ್ಟು ಟಸ್ಕನಿಯ ಸಿಂಹಾಸನವೇರಿದ ಒಂದನೆಯ ಫರ್ಡಿನಾಂಡೊ ಡಿ ಮೆಡಿಚಿಯ ಮುಂದಿದ್ದ ಸಮಸ್ಯೆ ಸರಳವಾಗಿತ್ತು: ಗೋಡೆ ಏಳುತ್ತಿದೆ, ಒಳಗೆ ವಾಸಿಸಲು ಜನರಿಲ್ಲ. ಮಲೇರಿಯಕ್ಕೆ ಹೆಸರಾದ ಆ ಊರಿಗೆ ಟಸ್ಕನಿಯ ಜನರೇ ಬರಲೊಲ್ಲರು. 1590ರ ದಶಕದ ಆರಂಭದಲ್ಲಿ ಇಟಲಿಯಾದ್ಯಂತ ಬೆಳೆ ಹಾಳಾಗಿ ಕ್ಷಾಮ ತಲೆದೋರಿದಾಗ ಬಾಲ್ಟಿಕ್ ತೀರದ ಡಾನ್ಸಿಗ್‌ನಿಂದ ಧಾನ್ಯ ಹೊತ್ತ ಉತ್ತರ ಯುರೋಪಿನ ಹಡಗುಗಳು ಲಿವೊರ್ನೊಗೆ ಬರತೊಡಗಿದವು. ಡಚ್ಚರೂ ಆಂಗ್ಲರೂ ಈ ಸಮುದ್ರದಲ್ಲಿ ಕಾಲೂರಲು ಈ ಧಾನ್ಯ ದಾರಿ ಮಾಡಿತು. ಬಂದ ಹಡಗು ಬರಿದಾಗಿ ಮರಳದಂತೆ ನೋಡಿಕೊಳ್ಳಲು ಮಾತ್ರ ಸ್ಥಳದಲ್ಲಿ ವರ್ತಕರು ಬೇಕಾಗಿದ್ದರು.

‘ಲಿವೊರ್ನೀನ’ ಎಂದು ಪ್ರಸಿದ್ಧವಾದ ರಾಜಶಾಸನ ಹೊರಬಿದ್ದದ್ದು ಈ ಹಿನ್ನೆಲೆಯಲ್ಲಿ. ಮೊದಲು 1591ರಲ್ಲಿ, ಅನಂತರ ವಿಸ್ತೃತ ರೂಪದಲ್ಲಿ 1593ರ ಜೂನ್‌ನಲ್ಲಿ ಅದು ಪ್ರಕಟವಾಯಿತು. ಅದರ ಸಂಬೋಧನೆಯೇ ಅಧ್ಯಯನಯೋಗ್ಯವಾಗಿದೆ. ಪೂರ್ವದವರು, ಪಶ್ಚಿಮದವರು, ಸ್ಪೇನಿಗರು, ಪೋರ್ಚುಗೀಸರು, ಗ್ರೀಕರು, ಜರ್ಮನರು, ಇಟಲಿಯವರು, ಯೆಹೂದ್ಯರು, ತುರ್ಕರು, ಮೂರರು, ಆರ್ಮೇನಿಯನ್ನರು, ಪರ್ಷಿಯನ್ನರು ಎಂದು ಎಲ್ಲ ದೇಶಗಳ ವರ್ತಕರನ್ನೂ ಅದು ಹೆಸರಿಡಿದು ಕರೆಯುತ್ತದೆ. ಆದರೆ ಕಲಮುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಅವುಗಳಲ್ಲಿ ಬಹುಪಾಲು ಒಂದೇ ಸಮುದಾಯವನ್ನು ಗಮನದಲ್ಲಿರಿಸಿಕೊಂಡು ಬರೆದವೆಂಬುದು ವಿದಿತವಾಗುತ್ತದೆ. ಐಬೀರಿಯ ಮೂಲದ, ಸೆಫಾರ್ಡಿ ಎಂದು ಕರೆಯಲಾಗುವ ಯೆಹೂದ್ಯರೇ ಅದರ ನಿಜವಾದ ಉದ್ದಿಷ್ಟರು. ಹೊರದೇಶದಲ್ಲಿ ಕ್ರೈಸ್ತರ ವೇಷದಲ್ಲಿ ಬಾಳಿದ್ದವರು ಇಲ್ಲಿಗೆ ಬಂದು ಯೆಹೂದ್ಯರಾಗಿ ಜೀವಿಸತೊಡಗಿದರೆ ಆ ಕಾರಣಕ್ಕೆ ಅವರ ಮೇಲೆ ಧರ್ಮವಿಚಾರಣೆ ನಡೆಯುವಂತಿಲ್ಲ ಎಂಬುದು ಅತ್ಯಂತ ತೂಕದ ಕಲಮು. ಸಿನಗಾಗ್ ಹೊಂದುವ, ಮನೆ ಕೊಳ್ಳುವ, ಗ್ರಂಥಗಳನ್ನಿರಿಸಿಕೊಳ್ಳುವ, ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆಯುವ, ವೈದ್ಯರಾಗಿ ಕ್ರೈಸ್ತ ರೋಗಿಗಳಿಗೂ ಚಿಕಿತ್ಸೆ ನೀಡುವ ಹಕ್ಕುಗಳು ಅವರಿಗೆ ದೊರೆತವು. ಬೇರೆಡೆ ಕಡ್ಡಾಯವಾಗಿದ್ದ ಗುರುತಿನ ಚಿಹ್ನೆಯನ್ನು ಧರಿಸಬೇಕಾಗಿರಲಿಲ್ಲ. ಹದಿಮೂರು ವರ್ಷದೊಳಗಿನ ಮಕ್ಕಳಿಗೆ ತಂದೆತಾಯಿಯರ ಇಚ್ಛೆಗೆ ವಿರುದ್ಧವಾಗಿ ದೀಕ್ಷಾಸ್ನಾನ ಮಾಡಿಸುವಂತಿರಲಿಲ್ಲ. ಸಮುದಾಯದ ಒಳಗಿನ ವ್ಯಾಜ್ಯಗಳನ್ನು ‘ಮಸ್ಸಾರಿ’ ಎಂಬ ಅವರದೇ ಮುಖಂಡರು ತೀರ್ಮಾನಿಸುತ್ತಿದ್ದರು. ಹೊಸಬರನ್ನು ಮತ ಹಾಕಿ ಸೇರಿಸಿಕೊಂಡು ಟಸ್ಕನಿಯ ಪ್ರಜೆಗಳನ್ನಾಗಿಸುವ ಅಧಿಕಾರವೂ ಮುಂದೆ ಅವರ ಕೈಗೇ ಬಂದಿತು. ಶಾಸನದ ಅವಧಿ 25 ವರ್ಷ; ಹಿಂತೆಗೆದುಕೊಳ್ಳುವುದಾದರೆ ಐದು ವರ್ಷ ಮುಂಚಿತವಾಗಿ ತಿಳಿಸಬೇಕು. ಈ ಕೊನೆಯ ನಿಯಮ ರಾಜಕೃಪೆಯ ಭಾಷೆಯದಲ್ಲ, ಕರಾರಿನ ಭಾಷೆಯದು. ದಾನಶಾಸನಗಳ ‘ಆಚಂದ್ರಾರ್ಕ’ಕ್ಕಿಂತ ಈ ಐದು ವರ್ಷದ ಸೂಚನೆ ವರ್ತಕನಿಗೆ ಹೆಚ್ಚು ನಂಬಿಕೆ ತಂದಿರಬೇಕು.

ಇದನ್ನು ಮತಸಹಿಷ್ಣುತೆಯ ಘೋಷಣೆಯೆಂದು ಕೊಂಡಾಡುವ ವಾಡಿಕೆ ಇದೆ. ಆದರೆ ಇದೇ ಮೆಡಿಚಿ ಮನೆತನದ ಒಂದನೆಯ ಕೋಸಿಮೊ 1571ರಲ್ಲಿ ಫ್ಲಾರೆನ್ಸಿನ ಯೆಹೂದ್ಯರನ್ನು ಗೆಟ್ಟೊ ಎಂಬ ಗೋಡೆಯೊಳಗಿನ ಕೇರಿಗೆ ತಳ್ಳಿದ್ದನು. ಲಿವೊರ್ನೊದ ಯೆಹೂದ್ಯರು ಬೇಕಾದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಕಾಲದಲ್ಲಿ ಫ್ಲಾರೆನ್ಸಿನವರು ಆ ಕೇರಿಯಲ್ಲೇ ಇದ್ದರು. ಒಂದೇ ರಾಜ್ಯದಲ್ಲಿ ಎರಡು ನ್ಯಾಯ. ಆದುದರಿಂದ ಲಿವೊರ್ನೊದ ಸ್ವಾತಂತ್ರ್ಯವನ್ನು ಒಂದು ತತ್ತ್ವವೆನ್ನುವುದಕ್ಕಿಂತ ಒಂದು ಸ್ಥಳಕ್ಕೆ ನೀಡಿದ ವಿನಾಯಿತಿ ಎಂದು ತಿಳಿಯುವುದು ಯುಕ್ತ. ಪ್ರಯೋಜನವಂತೂ ಕೈಗೂಡಿತು. 1601ರಲ್ಲಿ ನೂರಕ್ಕಿಂತ ತುಸು ಹೆಚ್ಚಿದ್ದ ಯೆಹೂದ್ಯರ ಸಂಖ್ಯೆ 1622ರ ವೇಳೆಗೆ ಏಳುನೂರರಷ್ಟಾಯಿತು. ಆ ಶತಮಾನದ ಮಧ್ಯದಲ್ಲಿ ಊರಿನ ಒಟ್ಟು ಜನಸಂಖ್ಯೆ ಹತ್ತು ಸಾವಿರವನ್ನು ದಾಟಿತ್ತು.

ಶಾಸನ ಹೆಸರಿಡಿದು ಕರೆದವರಲ್ಲಿ ತುರ್ಕರೂ ಮೂರರೂ ಇದ್ದರಷ್ಟೆ. ಅವರು ಲಿವೊರ್ನೊಗೆ ಬಂದದ್ದೂ ಉಂಟು, ಆದರೆ ಹೆಚ್ಚಿನವರು ಸಂಕೋಲೆಯಲ್ಲಿ ಬಂದರು. ಕೋಸಿಮೊ ಸ್ಥಾಪಿಸಿದ ಸಾಂತೊ ಸ್ತೆಫಾನೊ ಎಂಬ ಕ್ರೈಸ್ತ ಯೋಧಸಂಘದ ಗ್ಯಾಲಿ ನೌಕೆಗಳಿಗೆ ಇದೇ ಬಂದರು ನೆಲೆಯಾಗಿತ್ತು. ಆ ನೌಕೆಗಳು ಮುಸಲ್ಮಾನರ ಹಡಗುಗಳನ್ನೂ ಕರಾವಳಿಯ ಊರುಗಳನ್ನೂ ಸುಲಿಗೆ ಮಾಡಿ ಸೆರೆಹಿಡಿದು ತಂದವರನ್ನು ‘ಬಾಞೊ’ ಎಂಬ ಬಂದೀಖಾನೆಯಲ್ಲಿ ಕೂಡಿಹಾಕಲಾಗುತ್ತಿತ್ತು. ಹಗಲು ಬಂದರಿನ ಕೆಲಸ ಅಥವಾ ಹುಟ್ಟು ಹಾಕುವ ದುಡಿಮೆ, ಇರುಳು ಬೀಗ. ಒಳಗೆ ನಮಾಜಿಗೆ ಸ್ಥಳವಿತ್ತು. ಕೆಲವರು ಹಡಗುಕಟ್ಟೆಯ ಬಳಿ ಚಿಲ್ಲರೆ ಅಂಗಡಿ ನಡೆಸಿ ಬಿಡುಗಡೆಯ ಹಣ ಕೂಡಿಸುತ್ತಿದ್ದರು. 1644ರಲ್ಲಿ ಇಲ್ಲಿಗೆ ಬಂದ ಆಂಗ್ಲ ದಿನಚರಿಕಾರ ಜಾನ್ ಎವೆಲಿನ್, ಸೋಮಾರಿಯೊಬ್ಬನು ಕೆಲವು ನಾಣ್ಯಗಳಿಗೆದುರಾಗಿ ತನ್ನ ಸ್ವಾತಂತ್ರ್ಯವನ್ನೇ ಪಣವೊಡ್ಡಿ ದಾಳವಾಡಬಹುದಾದ ಡೇರೆಯೊಂದನ್ನು ಕಂಡುದಾಗಿ ಬರೆದಿದ್ದಾನೆ, ಸೋತವನು ಗ್ಯಾಲಿಗೆ. ಬಂದರಿನ ಮುಂದಿನ ಫರ್ಡಿನಾಂಡೊನ ಅಮೃತಶಿಲೆಯ ಪ್ರತಿಮೆಯ ಕಾಲಡಿಗೆ 1620ರ ದಶಕದಲ್ಲಿ ಶಿಲ್ಪಿ ಪಿಯೆತ್ರೊ ತಾಕ್ಕ ಸಂಕೋಲೆ ತೊಟ್ಟ ನಾಲ್ವರು ಮೂರರ ಕಂಚಿನ ವಿಗ್ರಹಗಳನ್ನು ಅಳವಡಿಸಿದನು. ಲಿವೊರ್ನೀನದ ಸಂಬೋಧನೆಯನ್ನೂ ಈ ಸ್ಮಾರಕವನ್ನೂ ಒಟ್ಟಿಗಿಟ್ಟು ಓದದ ಹೊರತು ಮುಕ್ತ ಬಂದರಿನ ಇತಿಹಾಸ ಪೂರ್ಣವಾಗುವುದಿಲ್ಲ. ಒಬ್ಬನಿಗೆ ಅಭಯ ನೀಡಿದ ರಾಜನೇ ಮತ್ತೊಬ್ಬನನ್ನು ಸರಕಾಗಿಸಿದನು, ಮತ್ತು ಬಿಡುಗಡೆಯ ಹಣದ ವ್ಯವಹಾರ ಆ ಬಂದರಿನ ಮಾನ್ಯ ವ್ಯಾಪಾರಗಳಲ್ಲಿ ಒಂದಾಗಿತ್ತು. 1747-49ರ ಅವಧಿಯಲ್ಲಿ ಒಟ್ಟೊಮನ್ ಸಾಮ್ರಾಜ್ಯದೊಡನೆಯೂ ಉತ್ತರ ಆಫ್ರಿಕದ ಆಳರಸರೊಡನೆಯೂ ಟಸ್ಕನಿ ಶಾಂತಿ ಒಪ್ಪಂದಗಳನ್ನು ಮಾಡಿಕೊಂಡ ಮೇಲೆಯೇ ಈ ಸೆರೆಹಿಡಿಯುವ ಉದ್ಯಮ ಕೊನೆಗೊಂಡದ್ದು.

ಸರಕಿನ ಸುಂಕಕ್ಕೆ ಸಂಬಂಧಿಸಿದ ಸುಧಾರಣೆ ಮೂರನೆಯ ಕೋಸಿಮೊನ ಆಳ್ವಿಕೆಯಲ್ಲಿ, 1676ರ ಮಾರ್ಚ್‌ನಲ್ಲಿ ಬಂದಿತು. ಅದುವರೆಗೆ ಬಂದರಿಗೆ ಬಂದ ಮಾಲು ಗೊತ್ತಾದ ಅವಧಿಯೊಳಗೆ ಮರುರಫ್ತಾದರೆ ರಿಯಾಯಿತಿ ದೊರೆಯುತ್ತಿತ್ತಾದರೂ ಪ್ರತಿಯೊಂದು ಸರಕಿನ ಬೆಲೆ ಕಟ್ಟುವ, ಕಟ್ಟನ್ನು ಬಿಚ್ಚಿ ನೋಡುವ, ಲೆಕ್ಕಕ್ಕೆ ಹಿಡಿಯುವ ಅಧಿಕಾರ ಸುಂಕದ ಕಟ್ಟೆಗಿತ್ತು. ಹೊಸ ನಿಯಮ ಆಮದು ರಫ್ತು ಸುಂಕಗಳನ್ನು ತೆಗೆದುಹಾಕಿ ಅವುಗಳ ಸ್ಥಾನದಲ್ಲಿ ‘ಸ್ತಲ್ಲಾಜ್ಜೊ’ ಎಂಬ ತಂಗುಶುಲ್ಕವನ್ನು ತಂದಿತು. ಇದನ್ನು ವಿಧಿಸುತ್ತಿದ್ದುದು ಬೆಲೆಯ ಮೇಲಲ್ಲ, ಮೂಟೆ ಪೆಟ್ಟಿಗೆಗಳ ಗಾತ್ರದ ಮೇಲೆ. ಈ ಬದಲಾವಣೆಯ ಮಹತ್ವ ಮೇಲ್ನೋಟಕ್ಕೆ ತಿಳಿಯದು. ಉಪ್ಪುಮೀನಿನ ಪೀಪಾಯಿಗೂ ರೇಷ್ಮೆಯ ಮೂಟೆಗೂ ಹೆಚ್ಚುಕಡಿಮೆ ಸಮನಾದ ಶುಲ್ಕವಾದಾಗ ಗಾತ್ರ ಕಡಿಮೆ, ಬೆಲೆ ಹೆಚ್ಚು ಇರುವ ವಸ್ತುಗಳ ವ್ಯಾಪಾರಿಗೆ ಸಹಜವಾಗಿ ಲಾಭ. ಅದಕ್ಕಿಂತ ಮುಖ್ಯವಾಗಿ, ಪೆಟ್ಟಿಗೆಯೊಳಗೆ ಏನಿದೆಯೆಂದು ಕೇಳುವ ಅಗತ್ಯ ಸರ್ಕಾರಕ್ಕೆ ಉಳಿಯಲಿಲ್ಲ. 1593ರ ಶಾಸನ ವರ್ತಕನ ಪೂರ್ವಚರಿತ್ರೆಯನ್ನು ಕೇಳುವುದಿಲ್ಲವೆಂದಿತ್ತು; 1676ರ ನಿಯಮ ಅವನ ಪೆಟ್ಟಿಗೆಯನ್ನು ತೆರೆಯುವುದಿಲ್ಲವೆಂದಿತು. ಕೋರಿ ತಾಝಾರಾ 2017ರಲ್ಲಿ ಪ್ರಕಟಿಸಿದ ಲಿವೊರ್ನೊ ಕುರಿತ ಸಂಶೋಧನೆ, ಈ ಸುಧಾರಣೆ ಯಾವುದೋ ಅರ್ಥಶಾಸ್ತ್ರೀಯ ಸಿದ್ಧಾಂತದಿಂದ ಮೂಡಿದುದಲ್ಲ, ಸುಂಕಾಧಿಕಾರಿಗಳು ಮತ್ತು ವರ್ತಕರ ನಡುವೆ ದಶಕಗಳ ಕಾಲ ನಡೆದ ಜಗ್ಗಾಟ ಹಾಗೂ ನೆರೆಯ ಬಂದರುಗಳ ಪೈಪೋಟಿಯ ಫಲ ಎಂಬುದನ್ನು ಮನಗಾಣಿಸುತ್ತದೆ.

ಈ ಸ್ವಾತಂತ್ರ್ಯಕ್ಕೆ ಮೂರು ಮೇರೆಗಳಿದ್ದವು. ಊರಿನ ಬಾಗಿಲು ದಾಟಿ ಟಸ್ಕನಿಯ ಒಳನಾಡಿಗೆ ಹೋಗುವ ಸರಕಿಗೆ ಸುಂಕವಿತ್ತು. ಅಂದರೆ ಲಿವೊರ್ನೊ ತನ್ನ ರಾಜ್ಯದೊಳಗೇ ಒಂದು ದ್ವೀಪವಾಯಿತು. ಸಾಂಕ್ರಾಮಿಕದ ಶಂಕೆಯಿದ್ದ ಹಡಗುಗಳಿಗೆ ಯಾವ ರಿಯಾಯಿತಿಯೂ ಇರಲಿಲ್ಲ. ಸ್ಯಾನ್ ರೊಕ್ಕೊ, ಸ್ಯಾನ್ ಯಾಕೊಪೊ, ಮುಂದೆ ಸ್ಯಾನ್ ಲಿಯೊಪೋಲ್ಡೊ ಎಂಬ ಮೂರು ಲಾಜರೆಟ್ಟೊಗಳಲ್ಲಿ ಜನರೂ ಸರಕೂ ಗೊತ್ತಾದ ದಿನಗಳನ್ನು ಕಳೆಯಲೇಬೇಕಿತ್ತು. ಮೂರನೆಯದು ಯುದ್ಧಕಾಲದ ತಟಸ್ಥತೆ. ಇದು ದುರ್ಬಲ ರಾಜ್ಯವೊಂದು ಬಲಿಷ್ಠರ ನಡುವೆ ಉಳಿಸಿಕೊಳ್ಳಬೇಕಾದ ವ್ರತವಾಗಿತ್ತು. 1652ರಲ್ಲಿ ಆಂಗ್ಲರು ಇದೇ ಬಂದರಿನಲ್ಲಿ ಡಚ್ಚರ ವಶದಲ್ಲಿದ್ದ ನೌಕೆಯೊಂದನ್ನು ಕಸಿದುಕೊಂಡು ತಟಸ್ಥತೆಯನ್ನು ಮುರಿದುದರಿಂದ 1653ರಲ್ಲಿ ಅವರ ಹಡಗುಗಳನ್ನು ಹೊರಡಿಸಲಾಯಿತು. ಹೊರಗೆ ಕಾದಿದ್ದ ಡಚ್ ನೌಕಾಪಡೆ ಅವರನ್ನು ಸೋಲಿಸಿತು. 1691ರಲ್ಲಿ ಬಂದರಿನ ತಟಸ್ಥತೆಗೆ ಒಪ್ಪಂದದ ರೂಪ ದೊರೆಯಿತು.

ಈ ಏರ್ಪಾಟಿನ ಎಳೆಯೊಂದು ಭಾರತದ ಪಶ್ಚಿಮ ಕರಾವಳಿಯವರೆಗೆ ಚಾಚಿತ್ತು. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ಭಾರತಕ್ಕೆ ಬರುತ್ತಿದ್ದುದು ಅತಿ ಪ್ರಾಚೀನ ಕಾಲದಿಂದ. ರೋಮನ್ನರು ಮುತ್ತಿಗೆ ಕೊಡುವ ಬೆಲೆಯನ್ನು ಭಾರತೀಯರು ಹವಳಕ್ಕೆ ಕೊಡುತ್ತಾರೆಂದು ಪ್ಲಿನಿ ಗುರುತಿಸಿದ್ದಾನೆ. ‘ಪೆರಿಪ್ಲಸ್’ ಗ್ರಂಥ ಭರುಕಚ್ಛಕ್ಕೂ ಮುಚಿರಿಗೂ ಆಮದಾಗುತ್ತಿದ್ದ ವಸ್ತುಗಳಲ್ಲಿ ಹವಳವನ್ನು ಎಣಿಸುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿ ದುವಾರ್ತೆ ಬಾರ್ಬೋಸ ವಿಜಯನಗರದ ಬಂದರಾಗಿದ್ದ ಭಟ್ಕಳಕ್ಕೆ ತಾಮ್ರ, ಪಾದರಸ, ಇಂಗಲೀಕಗಳೊಡನೆ ಹವಳವೂ ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ನವರತ್ನಗಳಲ್ಲಿ ಒಂದಾಗಿ, ತಾಳಿಸರದ ಮಣಿಯಾಗಿ, ಕುಜದೋಷದ ಪರಿಹಾರವಾಗಿ ಹವಳಕ್ಕೆ ಇಲ್ಲಿದ್ದ ಬೇಡಿಕೆ ಅದು ಹುಟ್ಟುವ ದೇಶಗಳಲ್ಲಿ ಎಂದೂ ಇರಲಿಲ್ಲ. ಫ್ರೆಂಚ್ ರತ್ನವರ್ತಕ ತಾವೆರ್ನಿಯೆ ತನ್ನ ಪ್ರವಾಸಗ್ರಂಥದಲ್ಲಿ ಹವಳಕ್ಕೂ ಶಿಲಾರಾಳಕ್ಕೂ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಆ ಗ್ರಂಥ ಪ್ಯಾರಿಸ್ಸಿನಲ್ಲಿ ಅಚ್ಚಾದದ್ದು ಲಿವೊರ್ನೊದ ಸುಂಕ ಸುಧಾರಣೆಯಾದ 1676ರಲ್ಲೇ ಎಂಬುದು ಕಾಕತಾಳೀಯ.

ಸಾರ್ಡೀನಿಯ, ಕಾರ್ಸಿಕ ಹಾಗೂ ಉತ್ತರ ಆಫ್ರಿಕದ ತೀರಗಳಲ್ಲಿ ತೆಗೆದ ಹವಳ ಲಿವೊರ್ನೊದ ಕಾರ್ಯಾಗಾರಗಳಲ್ಲಿ ಮಣಿಯ ರೂಪ ತಾಳುತ್ತಿತ್ತು. ಹೊಳಪು ಕೊಡುವ, ತೂತು ಕೊರೆಯುವ, ಪೋಣಿಸುವ ಕೆಲಸದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಒಡೆಯರು ಬಹುತೇಕ ಯೆಹೂದ್ಯರು. ಅಲ್ಲಿಂದ ಪೆಟ್ಟಿಗೆಗಳು ಲಿಸ್ಬನ್ನಿಗೆ, ಲಿಸ್ಬನ್ನಿನಿಂದ ವರ್ಷಕ್ಕೊಮ್ಮೆ ಹೊರಡುವ ರಾಜನೌಕೆಗಳಲ್ಲಿ ಗೋವೆಗೆ. ಮಾರ್ಚ್ ಏಪ್ರಿಲ್‌ನಲ್ಲಿ ಹೊರಟ ಹಡಗು ಮಳೆಗಾಲ ಮುಗಿಯುವ ವೇಳೆಗೆ ಮಾಂಡೋವಿ ನದಿಯ ಮುಖ ಸೇರುತ್ತಿತ್ತು. ಹವಳದ ಬೆಲೆಗೆ ಕೊಂಡ ಕಚ್ಚಾ ವಜ್ರ ಮರುಪಯಣದಲ್ಲಿ ಬರುತ್ತಿತ್ತು. ಒಂದು ಸುತ್ತು ಮುಗಿಯಲು ಎರಡು ವರ್ಷವಾದರೂ ಬೇಕು. ಹವಳ ಕಳಿಸಿದವನು ಲಿಸ್ಬನ್ನಿನಲ್ಲಿ ಕಾಲಿಡುವಂತಿರಲಿಲ್ಲ, ಅಲ್ಲಿ ಇನ್‌ಕ್ವಿಸಿಷನ್ ಇತ್ತು. ಗೋವೆಯಲ್ಲೂ 1560ರಿಂದ ಅದೇ ನ್ಯಾಯಸ್ಥಾನ. ಹೀಗಿದ್ದೂ ಈ ವ್ಯಾಪಾರ ನಡೆದ ಬಗೆಯನ್ನು ಫ್ರಾಂಚೆಸ್ಕಾ ತ್ರಿವೆಲ್ಲಾತೊ 2009ರ ತಮ್ಮ ಗ್ರಂಥದಲ್ಲಿ ‘ಎರ್ಗಾಸ್ ಮತ್ತು ಸಿಲ್ವೇರಾ’ ಎಂಬ ಲಿವೊರ್ನೊದ ಯೆಹೂದಿ ಸಂಸ್ಥೆಯ ಪತ್ರಗಳ ಆಧಾರದಿಂದ ವಿಶದಪಡಿಸಿದ್ದಾರೆ. 1704ರಿಂದ 1746ರವರೆಗಿನ ಆ ಸಂಸ್ಥೆಯ ಪತ್ರಗಳು 13,600ಕ್ಕೂ ಹೆಚ್ಚು ಉಳಿದಿವೆ. ಲಿಸ್ಬನ್ನಿನಲ್ಲಿ ಅವರ ಪ್ರತಿನಿಧಿಗಳು ಕ್ಯಾಥೊಲಿಕ್ ಇಟಾಲಿಯನ್ನರು. ಗೋವೆಯಲ್ಲಿ ಅವರ ವ್ಯವಹಾರ ನಡೆಸಿದವರು ಪೋರ್ಚುಗೀಸ್ ದಾಖಲೆಗಳಲ್ಲಿ ‘ಕಾಮೋತಿಂ’ ಎಂದು ಕಾಣಿಸುವ ಹಿಂದೂ ಸಾರಸ್ವತ ಕುಟುಂಬದವರು. ‘ಕಾಮತಿ’, ‘ಕಾಮತ್’ ಎಂಬ ಮನೆತನದ ಹೆಸರು ಕನ್ನಡ ಕರಾವಳಿಯವರಿಗೆ ಅಪರಿಚಿತವಲ್ಲ. ಗೋವೆಯಲ್ಲಿ ಒತ್ತಡ ಹೆಚ್ಚಿದ ಕಾಲದಲ್ಲಿ ಸಾರಸ್ವತರ ಅನೇಕ ಕುಟುಂಬಗಳು ಗೋಕರ್ಣ, ಭಟ್ಕಳ, ಬಸ್ರೂರು, ಮಂಗಳೂರು ಮೊದಲಾದೆಡೆಗಳಿಗೆ ವಲಸೆ ಬಂದು ನೆಲೆಸಿದುದು ಪ್ರಸಿದ್ಧವೇ ಇದೆ.

ಯೆಹೂದಿ, ಕ್ಯಾಥೊಲಿಕ್, ಸಾರಸ್ವತ: ಈ ಮೂವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಪತ್ರಗಳ ಭಾಷೆ ಪೋರ್ಚುಗೀಸ್. ಒಬ್ಬನ ಪೂರ್ವಜರನ್ನು ಹೊರಹಾಕಿದ, ಇನ್ನೊಬ್ಬನ ದೇಗುಲಗಳನ್ನು ಕೆಡವಿದ ರಾಜ್ಯದ ಭಾಷೆಯೇ ಇಬ್ಬರಿಗೂ ನಡುವಣ ಮಾತಾಯಿತು. ಹವಳದ ಗಾತ್ರ, ಬಣ್ಣ, ವಜ್ರದ ನೀರು, ದರ, ಯಾವ ಹಡಗಿನಲ್ಲಿ ಕಳಿಸಬೇಕು ಎಂಬ ವಿವರಗಳು ವರ್ತಕರ ರೂಢಿಯ ಸವಿನಯದ ಶೈಲಿಯಲ್ಲಿ ಹೋಗಿಬರುತ್ತಿದ್ದವು. ಮೋಸವಾದರೆ ದೂರು ಕೊಡಬಹುದಾದ, ಮೂವರಿಗೂ ಸಮಾನವಾದ ನ್ಯಾಯಾಲಯವೊಂದು ಎಲ್ಲಿಯೂ ಇರಲಿಲ್ಲ. ಕುಲ, ಮತ, ರಕ್ತಸಂಬಂಧಗಳಿಂದ ಮಾತ್ರ ದೂರದ ವ್ಯಾಪಾರದಲ್ಲಿ ನಂಬಿಕೆ ಹುಟ್ಟುತ್ತದೆಂಬ ಬಹುಕಾಲದ ಅಭಿಪ್ರಾಯವನ್ನು ಈ ಪತ್ರಗಳು ಪ್ರಶ್ನಿಸುತ್ತವೆ. ವಾಡಿಕೆಯ ನಡೆವಳಿ, ಪತ್ರಗಳ ಮೂಲಕ ಹಬ್ಬುವ ಒಳ್ಳೆಯ ಅಥವಾ ಕೆಟ್ಟ ಹೆಸರು, ಮುಂದಿನ ಸಾಲಿನ ವ್ಯಾಪಾರದ ಆಸೆ, ಇವೇ ಬಂಧನಗಳಾಗಿದ್ದವು. ಆದರೂ ಈ ಸರಪಳಿಯ ಒಂದು ತುದಿಯಲ್ಲಿ ವರ್ತಕನು ತನ್ನ ನಿಜವಾದ ಹೆಸರಿನಲ್ಲಿ, ತನ್ನ ಮತದಲ್ಲಿದ್ದುಕೊಂಡೇ ಲೆಕ್ಕದ ಪುಸ್ತಕ ಇಡಬಲ್ಲ ಸ್ಥಳವೊಂದು ಬೇಕಿತ್ತು. ಲಿವೊರ್ನೊ ಒದಗಿಸಿದುದು ಅದನ್ನು.

ಬ್ರೆಜಿಲ್‌ನಲ್ಲಿ ವಜ್ರ ದೊರೆತ ಸುದ್ದಿ 1729ರ ಸುಮಾರಿಗೆ ಲಿಸ್ಬನ್ನನ್ನು ಮುಟ್ಟಿದ ಮೇಲೆ ಗೋವೆಯ ದಾರಿ ಸೊರಗತೊಡಗಿತು. ಅಷ್ಟರಲ್ಲಿ ಲಂಡನ್ನಿಗೆ ವಲಸೆ ಹೋದ ಸೆಫಾರ್ಡಿ ವರ್ತಕರು ಆಂಗ್ಲ ಈಸ್ಟ್ ಇಂಡಿಯಾ ಕಂಪನಿಯ ಅನುಮತಿಯಿಂದ ಲಿವೊರ್ನೊದ ಹವಳವನ್ನು ಮದರಾಸಿಗೆ ಕಳಿಸುತ್ತಿದ್ದರು. 1740ರ ದಶಕದಲ್ಲಿ, ಪರ್ಷಿಯದ ವರ್ತಕನೊಬ್ಬ ತಂದ ದೊಡ್ಡ ವಜ್ರವೊಂದನ್ನು ಮಾರುವ ಹೊಣೆ ಹೊತ್ತ ಎರ್ಗಾಸ್ ಮತ್ತು ಸಿಲ್ವೇರಾ ಸಂಸ್ಥೆ ಆ ವ್ಯಾಜ್ಯದಲ್ಲಿ ಸಿಕ್ಕಿ ದಿವಾಳಿಯಾಯಿತು.

ಬಂದರಿನ ಮಾದರಿ ಮಾತ್ರ ಹಬ್ಬುತ್ತ ಹೋಯಿತು. ಮಾರ್ಸೇಲ್ಸ್ 1669ರಲ್ಲಿ, ಟ್ರಿಯೆಸ್ಟ್ ಮತ್ತು ಫಿಯೂಮೆ 1719ರಲ್ಲಿ, ಪೋಪರ ಆಳ್ವಿಕೆಯ ಅಂಕೋನ 1732ರಲ್ಲಿ ಮುಕ್ತ ಬಂದರುಗಳೆಂಬ ಹೆಸರು ಪಡೆದವು. 1766ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಜಮೈಕ ಮತ್ತು ಡೊಮಿನಿಕಗಳ ಬಂದರುಗಳನ್ನು ಪರದೇಶದ ಹಡಗುಗಳಿಗೆ ತೆರೆದಾಗ ತೋಟದ ಗುಲಾಮರೂ ಅಲ್ಲಿ ವ್ಯಾಪಾರದ ಸರಕಾಗಿದ್ದರು. ಹೀಗೆ ಹರಡಿದಂತೆಲ್ಲ ಸುಂಕದ ವಿನಾಯಿತಿ ಸ್ಥಿರವಾಗಿ ಉಳಿದು, ಮನುಷ್ಯನಿಗೆ ನೀಡುವ ಅಭಯದ ಅಂಶ ಊರಿನಿಂದ ಊರಿಗೆ ಬದಲಾಗುತ್ತ ತೆಳುವಾಯಿತು. 1819ರಲ್ಲಿ ಸಿಂಗಪುರ ಸ್ಥಾಪನೆಯಾಗುವ ಹೊತ್ತಿಗೆ ಮುಕ್ತ ಬಂದರೆಂದರೆ ಸುಂಕವಿಲ್ಲದ ಬಂದರು ಎಂಬ ಅರ್ಥವೇ ಪ್ರಧಾನವಾಗಿತ್ತು.

ಏಕೀಕೃತ ಇಟಲಿಯ ಸರ್ಕಾರ 1868ರಲ್ಲಿ ಲಿವೊರ್ನೊದ ಮುಕ್ತ ಬಂದರಿನ ಸ್ಥಾನವನ್ನು ರದ್ದುಪಡಿಸಿತು. ಯೆಹೂದ್ಯರಿಗೆ ದೇಶದ ಉಳಿದೆಡೆಯೂ ಸಮಾನ ಪೌರತ್ವ ದೊರೆತಿದ್ದುದರಿಂದ ಹಳೆಯ ಶಾಸನದ ಅಗತ್ಯ ಆ ವೇಳೆಗಾಗಲೇ ತೀರಿತ್ತು. ಹದಿನೇಳನೆಯ ಶತಮಾನದಿಂದಲೂ ಇಲ್ಲಿಂದ ಟ್ಯೂನಿಸಿಗೆ ಹೋಗಿ ನೆಲೆಸಿದ ಕುಟುಂಬಗಳು ಅಲ್ಲಿ ತಮ್ಮದೇ ಸಿನಗಾಗನ್ನೂ ಸ್ಮಶಾನವನ್ನೂ ಹೊಂದಿ ಪ್ರತ್ಯೇಕ ಸಮುದಾಯವಾಗಿ ಬಾಳಿದವು. ಲಿವೊರ್ನೊಗೆ ಅರಬ್ಬಿಯಲ್ಲಿರುವ ‘ಗೊರ್ನ’ ಎಂಬ ಹೆಸರಿನಿಂದ ಅವರನ್ನು ‘ಗ್ರಾನ’ ಎಂದು ಕರೆಯಲಾಗುತ್ತಿತ್ತು.